ಪ್ರಮಾಣಿಸಿ ನೋಡುವ ಬುದ್ಧಿ

ವಿಜ್ಞಾನವನ್ನು ವ್ಯಾಸಂಗ ಮಾಡುವವರಿಗೆ ರಾಜಕೀಯದ ಗೊಡವೆ ಏತಕ್ಕೆ ಎಂದು ಕೇಳುವವರುಂಟು. ಲೋಲಕದ ಆವರ್ತಕಾಲವನ್ನೋ ಮಸೂರದ ಸಂಗಮದೂರವನ್ನೋ ಅಳೆಯುತ್ತ ಕುಳಿತವನು ಹೊರಗಿನ ಗದ್ದಲಕ್ಕೆ ಕಿವಿಗೊಡದಿರುವುದೇ ಲೇಸು ಎಂಬುದು ಅವರ ಅಭಿಪ್ರಾಯ. ಈ ಅಭಿಪ್ರಾಯವನ್ನು ನಾವು ಒಪ್ಪುವುದಿಲ್ಲ. ಪಕ್ಷ ಪಕ್ಷಗಳು ಒಂದರ ಮೇಲೊಂದು ಆರೋಪ ಹೊರಿಸುವಾಗ ಬರಿಯ ಬೈಗುಳಗಳಿಂದ ತೃಪ್ತವಾಗುವುದಿಲ್ಲ. ಅಂಕಿಗಳನ್ನೂ ನಕ್ಷೆಗಳನ್ನೂ ಪರಿಣತರ ಹೇಳಿಕೆಗಳನ್ನೂ ತಂದು ಜನರ ಮುಂದಿಡುತ್ತವೆ. ಬೈಗುಳವನ್ನು ಯಾರಾದರೂ ಗುರುತಿಸಬಲ್ಲರು. ಗಣಿತದ ವೇಷ ತೊಟ್ಟು ಬಂದ ಸುಳ್ಳನ್ನು ಗುರುತಿಸಬೇಕಾದರೆ ಗಣಿತದ ಸಹವಾಸ ಮಾಡಿದವರೇ ಬೇಕು. ಅವರು ಬಾಗಿಲು ಮುಚ್ಚಿಕೊಂಡು ಕುಳಿತರೆ ಅಂತಹ ಸುಳ್ಳಿಗೆ ಅಡ್ಡಿಯೇ ಇರುವುದಿಲ್ಲ.

ಇದಕ್ಕೆ ಇತಿಹಾಸದಲ್ಲಿ ನಿದರ್ಶನಗಳು ಹಲವಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸ್ ದೇಶವನ್ನು ಇಬ್ಭಾಗ ಮಾಡಿದ ಡ್ರೇಫಸ್ ಪ್ರಕರಣವನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳೋಣ.

1894ನೆಯ ಇಸವಿಯ ಸೆಪ್ಟೆಂಬರಿನಲ್ಲಿ, ಪ್ಯಾರಿಸ್ಸಿನ ಜರ್ಮನ್ ರಾಯಭಾರ ಕಚೇರಿಯಿಂದ ಹರಿದ ಕಾಗದವೊಂದು ಫ್ರೆಂಚ್ ಸೇನೆಯ ಗೂಢಚಾರ ವಿಭಾಗದ ಕೈ ಸೇರಿತು. ಫ್ರೆಂಚ್ ಸೇನೆಯ ಯಾವ ಯಾವ ರಹಸ್ಯಗಳನ್ನು ಕಳುಹಿಸಲಾಗುತ್ತಿದೆ ಎಂಬ ಪಟ್ಟಿ ಅದರಲ್ಲಿದ್ದಿತು. ಬರೆದವನ ಹೆಸರಿರಲಿಲ್ಲ. ಫಿರಂಗಿ ದಳದ ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸ್ ಎಂಬಾತನ ಮೇಲೆ ಅನುಮಾನ ಬಿದ್ದಿತು. ಆತ ಯೆಹೂದ್ಯ. ಆತನ ಕೈಬರಹಕ್ಕೂ ಪತ್ರದ ಬರಹಕ್ಕೂ ಸ್ವಲ್ಪ ಹೋಲಿಕೆಯಿದ್ದಿತು. ಅಕ್ಟೋಬರ್ 15ರಂದು ಆತನನ್ನು ಬಂಧಿಸಿದರು. ವಿಚಾರಣೆ ಪ್ರಾರಂಭವಾಗುವುದಕ್ಕೆ ಮುಂಚೆಯೇ ಯೆಹೂದ್ಯದ್ವೇಷಕ್ಕೆ ಹೆಸರಾಗಿದ್ದ 'ಲಾ ಲಿಬ್ರ್ ಪರೋಲ್' ಎಂಬ ಪತ್ರಿಕೆ ಆತನನ್ನು ದೇಶದ್ರೋಹಿಯೆಂದು ಸಾರಿಬಿಟ್ಟಿತು. ಡಿಸೆಂಬರಿನಲ್ಲಿ ಸೇನಾ ನ್ಯಾಯಾಲಯವು ಆರೋಪಿಗಾಗಲಿ ಆತನ ವಕೀಲನಿಗಾಗಲಿ ತೋರಿಸದ ಗುಪ್ತ ಕಡತವೊಂದನ್ನು ನೋಡಿ ಆತನಿಗೆ ಆಜೀವ ಗಡೀಪಾರಿನ ಶಿಕ್ಷೆ ವಿಧಿಸಿತು. ದಕ್ಷಿಣ ಅಮೆರಿಕದ ಕರಾವಳಿಯಾಚೆಯ 'ದೆವ್ವದ ದ್ವೀಪ'ದಲ್ಲಿ ಆತ ನಾಲ್ಕು ವರ್ಷಗಳಿಗೂ ಮಿಗಿಲಾಗಿ ಒಬ್ಬಂಟಿಯಾಗಿ ಸೆರೆಯಲ್ಲಿರಬೇಕಾಯಿತು.

ಈ ಶಿಕ್ಷೆಗೆ ಶಾಸ್ತ್ರದ ಮುದ್ರೆಯೊತ್ತಿದವರು ಆಲ್ಫೋನ್ಸ್ ಬರ್ಟಿಲನ್. ಇವರು ಸಾಮಾನ್ಯರಲ್ಲ. ದೇಹದ ಅಂಗಗಳ ಅಳತೆಯಿಂದ ಅಪರಾಧಿಗಳನ್ನು ಗುರುತಿಸುವ ಕ್ರಮವನ್ನು ರೂಪಿಸಿ, ಪ್ಯಾರಿಸ್ ಪೊಲೀಸರ ಗುರುತು ವಿಭಾಗದ ಮುಖ್ಯಸ್ಥರಾಗಿದ್ದವರು. ಬೆರಳಚ್ಚಿನ ಪದ್ಧತಿ ಬರುವ ತನಕ ಅವರ ಕ್ರಮ ಭಾರತದ ಪೊಲೀಸರಲ್ಲಿಯೂ ಬಳಕೆಯಲ್ಲಿದ್ದಿತು. ಆದರೆ ಕೈಬರಹ ಅವರ ವಿಷಯವಾಗಿರಲಿಲ್ಲ. ಒಂದು ಶಾಸ್ತ್ರದಲ್ಲಿ ಗಳಿಸಿದ ಕೀರ್ತಿಯನ್ನು ಇನ್ನೊಂದರಲ್ಲಿ ಖರ್ಚುಮಾಡಲು ಹೊರಟವರನ್ನು ಕಂಡಾಗ ನಾವು ಎಚ್ಚರಗೊಳ್ಳಬೇಕು ಎಂಬುದು ಇಲ್ಲಿಯ ಮೊದಲ ಪಾಠ.

ಬರ್ಟಿಲನ್ನರ ತರ್ಕ ವಿಚಿತ್ರವಾದುದು. ಎರಡು ಬರಹಗಳಲ್ಲಿ ಹೋಲಿಕೆ ಕಂಡಲ್ಲಿ, ಡ್ರೇಫಸ್ಸನೇ ಬರೆದನೆಂಬುದಕ್ಕೆ ಅದು ಸಾಕ್ಷಿ. ವ್ಯತ್ಯಾಸ ಕಂಡಲ್ಲಿ, ಸಿಕ್ಕಿಬಿದ್ದಾಗ ತಪ್ಪಿಸಿಕೊಳ್ಳಲೆಂದು ಆತ ತನ್ನ ಬರಹವನ್ನು ತಾನೇ ತಿರುಚಿದನೆಂಬುದಕ್ಕೆ ಅದು ಸಾಕ್ಷಿ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. 1896ರಲ್ಲಿ ಗೂಢಚಾರ ವಿಭಾಗದ ಹೊಸ ಅಧಿಕಾರಿ ಪಿಕಾರ್ ಎಂಬವರು ಎಸ್ಟರ್‌ಹಾಜಿ ಎಂಬ ಇನ್ನೊಬ್ಬ ಸೇನಾಧಿಕಾರಿಯ ಬರಹವನ್ನು ಬರ್ಟಿಲನ್ನರಿಗೆ ತೋರಿಸಿದರು. ಇದು ಆ ಪತ್ರದ ಬರಹವೇ ಎಂದು ಬರ್ಟಿಲನ್ನರು ಒಪ್ಪಿದರು. ಡ್ರೇಫಸ್ ಸೆರೆಗೆ ಹೋದ ಮೇಲೆ ಬರೆದುದಿದು ಎಂದು ತಿಳಿದಾಗ, ಹಾಗಾದರೆ ಯೆಹೂದ್ಯರು ಈ ಬರಹವನ್ನು ಅನುಕರಿಸಲು ಯಾರಿಗೋ ಒಂದು ವರ್ಷದಿಂದ ತರಬೇತಿ ಕೊಟ್ಟಿರಬೇಕು ಎಂದುಬಿಟ್ಟರು. ಯಾವ ಸಂಗತಿ ಎದುರಾದರೂ ಅಲುಗಾಡದ ಸಿದ್ಧಾಂತವನ್ನು ಬಲವಾದುದೆಂದು ಜನ ಭ್ರಮಿಸುತ್ತಾರೆ. ವಿಜ್ಞಾನದಲ್ಲಿ ಅದು ಬಲದ ಲಕ್ಷಣವಲ್ಲ. ಉಷ್ಣತೆ ಏರಿದರೂ ಇಳಿದರೂ ಒಂದೇ ಗೆರೆಯಲ್ಲಿ ನಿಲ್ಲುವ ಉಷ್ಣಮಾಪಕವನ್ನು ನಾವು ಕೆಟ್ಟುಹೋದುದೆನ್ನುತ್ತೇವೆಯೇ ಹೊರತು ಸ್ಥಿರಚಿತ್ತವುಳ್ಳದ್ದೆನ್ನುವುದಿಲ್ಲ.

ತಮ್ಮ ವಾದವನ್ನು ಭದ್ರಪಡಿಸಲು ಬರ್ಟಿಲನ್ನರು ಸಂಭವನೀಯತೆಯ ಗಣಿತವನ್ನೂ ಕರೆತಂದರು. ಪತ್ರದಲ್ಲಿ ಪುನರಾವರ್ತನೆಗೊಂಡ 13 ದೊಡ್ಡ ಪದಗಳ ಮೊದಲನ್ನೂ ಕೊನೆಯನ್ನೂ, ಅಂದರೆ 26 ಸ್ಥಾನಗಳನ್ನು, ತಾವು ಎಳೆದ ಗೆರೆಗಳ ಜಾಲದೊಡನೆ ಹೋಲಿಸಿದರು. ನಾಲ್ಕು ಕಡೆ ಸ್ಥಾನಗಳು ಒಂದಕ್ಕೊಂದು ತಾಳೆಯಾದವು. ಒಂದು ಕಡೆ ಅಕಸ್ಮಾತ್ತಾಗಿ ತಾಳೆಯಾಗುವ ಸಂಭವನೀಯತೆ 0.2 ಎಂದಿಟ್ಟುಕೊಂಡರೆ, ನಾಲ್ಕು ಕಡೆ ತಾಳೆಯಾಗುವುದು 0.2ನ್ನು ನಾಲ್ಕು ಬಾರಿ ಗುಣಿಸಿದಷ್ಟು, ಎಂದರೆ 0.0016. ಹತ್ತು ಸಾವಿರಕ್ಕೆ ಹದಿನಾರು! ಇಷ್ಟು ಅಪರೂಪವಾದುದು ತಾನಾಗಿ ನಡೆದೀತೆ? ಇದರಲ್ಲಿ ಕೈವಾಡವಿದೆ ಎಂದು ಅವರ ತೀರ್ಮಾನ.

ಗುಣಾಕಾರ ಸರಿಯಾಗಿದೆ, ತಪ್ಪು ಎಲ್ಲಿದೆ? ಒಂದು ಮಾವಿನ ರಾಶಿಯಲ್ಲಿ ಐದಕ್ಕೆ ಒಂದರಂತೆ ಹಣ್ಣು ಕೊಳೆತಿದೆ ಎಂದಿಟ್ಟುಕೊಳ್ಳೋಣ. ಕಣ್ಣುಮುಚ್ಚಿ ನಾಲ್ಕೇ ಹಣ್ಣು ತೆಗೆದಾಗ ನಾಲ್ಕೂ ಕೊಳೆತಿದ್ದರೆ ಅದು ನಿಜಕ್ಕೂ ಅಪರೂಪ. ಅದರ ಸಂಭವನೀಯತೆ 0.0016. ಆದರೆ 26 ಹಣ್ಣು ತೆಗೆದು ಅವುಗಳಲ್ಲಿ ನಾಲ್ಕು ಕೊಳೆತಿದ್ದರೆ ಆಶ್ಚರ್ಯವೇನು? ಐದಕ್ಕೊಂದರ ಲೆಕ್ಕದಲ್ಲಿ ಸರಾಸರಿ ಐದು ಕೊಳೆತಿರಬೇಕಾಗಿತ್ತು. ದ್ವಿಪದ ಸೂತ್ರದಿಂದ ಲೆಕ್ಕ ಮಾಡಿದರೆ, 26ರಲ್ಲಿ ನಾಲ್ಕು ಅಥವಾ ಹೆಚ್ಚು ಕೊಳೆತಿರುವ ಸಂಭವನೀಯತೆ ಸುಮಾರು 0.79. ನೂರು ಸಲ ಪರೀಕ್ಷಿಸಿದರೆ ಎಪ್ಪತ್ತೊಂಬತ್ತು ಸಲ ಹೀಗೇ ಆಗುತ್ತದೆ. ಬರ್ಟಿಲನ್ನರು 26 ಹಣ್ಣು ನೋಡಿ, ಕೊಳೆತ ನಾಲ್ಕನ್ನು ಮಾತ್ರ ತಟ್ಟೆಯಲ್ಲಿಟ್ಟು, ತಾವು ತೆಗೆದುದೇ ಈ ನಾಲ್ಕು ಎಂಬಂತೆ ಲೆಕ್ಕ ಹಾಕಿದ್ದರು. ವಿದ್ಯಾರ್ಥಿಗಳಾದ ನೀವು ಈ ಲೆಕ್ಕವನ್ನು ನಮ್ಮ ಮಾತಿನ ಮೇಲೆ ನಂಬದೆ ಸ್ವತಃ ಮಾಡಿ ನೋಡಬೇಕು.

ಈ ದೋಷವನ್ನು ಎತ್ತಿ ತೋರಿಸಿದವರು ಆ ಕಾಲದ ಮಹಾಗಣಿತಜ್ಞ ಪ್ವಾಂಕಾರೆ. 1899ರಲ್ಲಿ ರೆನ್ ನಗರದಲ್ಲಿ ಡ್ರೇಫಸ್ಸನ ಮರುವಿಚಾರಣೆ ನಡೆದಾಗ ಅವರ ಪತ್ರವನ್ನು ನ್ಯಾಯಾಲಯದಲ್ಲಿ ಓದಲಾಯಿತು. ಆರೋಪಿ ನಿರಪರಾಧಿಯೆಂದು ಅವರು ಆ ಪತ್ರದಲ್ಲಿ ಘೋಷಿಸಲಿಲ್ಲ. ಆತನಿಗೆ ಶಿಕ್ಷೆಯಾಗುವುದಾದರೆ ಬೇರೆ ಸಾಕ್ಷ್ಯಗಳಿಂದ ಆಗಬೇಕು, ಈ ಗಣಿತದಿಂದಲ್ಲ ಎಂದಷ್ಟೇ ಹೇಳಿದರು. ತಮಗೆ ತಿಳಿದಷ್ಟನ್ನು ಖಚಿತವಾಗಿ ಹೇಳಿ ಅಲ್ಲಿಗೆ ನಿಲ್ಲಿಸುವ ಈ ಸಂಯಮವೇ ಸಾರ್ವಜನಿಕ ವಾದಗಳಲ್ಲಿ ಅತ್ಯಂತ ದುರ್ಲಭವಾದುದು.

ಈ ನಡುವೆ ಹೊರಗಿನ ಸಮಾಜ ಏನು ಮಾಡುತ್ತಿದ್ದಿತು? ಎಸ್ಟರ್‌ಹಾಜಿಯನ್ನು ಸೇನಾ ನ್ಯಾಯಾಲಯ 1898ರ ಜನವರಿ 11ರಂದು ಬಿಡುಗಡೆ ಮಾಡಿದುದನ್ನು ಖಂಡಿಸಿ, ಎರಡು ದಿನಗಳ ತರುವಾಯ ಕಾದಂಬರಿಕಾರ ಎಮಿಲ್ ಜೋಲಾ ಬಹಿರಂಗ ಪತ್ರವನ್ನು ಪ್ರಕಟಿಸಿದರು. ಅದಕ್ಕಾಗಿ ಅವರಿಗೆ ಒಂದು ವರ್ಷದ ಸೆರೆ ವಿಧಿಸಲಾಯಿತು. ಅನೇಕ ಪಟ್ಟಣಗಳಲ್ಲಿ ಯೆಹೂದ್ಯರ ಅಂಗಡಿಗಳ ಮೇಲೆ ಕಲ್ಲು ಬಿದ್ದವು. ಆ ಗುಂಪುಗಳಲ್ಲಿ ವಿದ್ಯಾರ್ಥಿಗಳೂ ಇದ್ದರೆಂಬುದನ್ನು ನಮ್ಮ ಓದುಗರು ಗಮನಿಸಬೇಕು. ಜೋಲಾ ಪರವಾಗಿ ಸಾಕ್ಷ್ಯ ನುಡಿದ ರಸಾಯನ ವಿಜ್ಞಾನಿ ಗ್ರಿಮೋ ತಮ್ಮ ಅಧ್ಯಾಪಕ ಪದವಿಯನ್ನೇ ಕಳೆದುಕೊಂಡರು.

ಅದೇ ವರ್ಷದ ಜುಲೈ 7ರಂದು ಯುದ್ಧಮಂತ್ರಿ ಕವೇನ್ಯಾಕ್ ಡ್ರೇಫಸ್ಸನ ಹೆಸರಿದ್ದ ಪತ್ರವೊಂದನ್ನು ಸಂಸತ್ತಿನಲ್ಲಿ ಓದಿದರು. ಆ ಭಾಷಣವನ್ನು ದೇಶದ ಊರೂರುಗಳಲ್ಲಿಯೂ ಅಂಟಿಸಬೇಕೆಂದು ಸಂಸತ್ತು ನಿರ್ಣಯಿಸಿತು. ಸುಮಾರು ಒಂದು ತಿಂಗಳಾದ ಮೇಲೆ, ಆಗಸ್ಟ್ 13ರ ರಾತ್ರಿ, ಕ್ವಿನ್ಯೆ ಎಂಬ ಕ್ಯಾಪ್ಟನ್ ದೀಪದ ಬೆಳಕಿನಲ್ಲಿ ಆ ಪತ್ರವನ್ನು ಹಿಡಿದು ನೋಡಿದಾಗ, ಕಾಗದದ ಮೇಲಿನ ಗೆರೆಗಳ ಬಣ್ಣ ತಲೆಯ ಭಾಗದಲ್ಲಿ ಒಂದು ಬಗೆಯಾಗಿಯೂ ಒಡಲಿನಲ್ಲಿ ಇನ್ನೊಂದು ಬಗೆಯಾಗಿಯೂ ಕಂಡಿತು. ಎರಡು ಬೇರೆ ಬೇರೆ ಪತ್ರಗಳ ತುಂಡುಗಳನ್ನು ಅಂಟಿಸಿ ಮಾಡಿದ ಖೋಟಾ ಪತ್ರವದು! ಅದನ್ನು ತಯಾರಿಸಿದ ಆನ್ರಿ ಎಂಬ ಅಧಿಕಾರಿ ಆಗಸ್ಟ್ 30ರಂದು ತಪ್ಪೊಪ್ಪಿಕೊಂಡು, ಮರುದಿನ ಸೆರೆಯಲ್ಲಿ ಪ್ರಾಣ ಕಳೆದುಕೊಂಡ. ಇಲ್ಲಿ ಒಂದು ಸ್ವಾರಸ್ಯವಿದೆ. ಕ್ವಿನ್ಯೆ ಡ್ರೇಫಸ್ಸನ ಪಕ್ಷದವನಲ್ಲ. ಆತನೇ ಅಪರಾಧಿಯೆಂದು ನಂಬಿದ್ದವನು. ಆದರೂ ಕಣ್ಣಿಗೆ ಕಂಡುದನ್ನು ಕಂಡ ಹಾಗೆಯೇ ಮೇಲಧಿಕಾರಿಗೆ ವರದಿ ಮಾಡಿದ. ಕಾಗದದ ಗೆರೆಯ ಬಣ್ಣಕ್ಕೆ ಪಕ್ಷವಿಲ್ಲ.

ಖೋಟಾ ಬಯಲಾದ ಮೇಲೆ ಜನ ಮನಸ್ಸು ಬದಲಾಯಿಸಿದರೆ? ಹಲವರು ಬದಲಾಯಿಸಿದರು. ಆದರೆ 'ಲಾ ಲಿಬ್ರ್ ಪರೋಲ್' ಆನ್ರಿಯ ವಿಧವೆಯ ಹೆಸರಿನಲ್ಲಿ ನಿಧಿ ಕೂಡಿಸಿದಾಗ ಸಾವಿರಾರು ಮಂದಿ ಹಣ ಕೊಟ್ಟರು. ದೇಶಕ್ಕಾಗಿ ಮಾಡಿದ ಖೋಟಾ ಕೆಲಸ ಪುಣ್ಯಕಾರ್ಯವೆಂದು ಬರೆದವರೂ ಇದ್ದರು. ರೆನ್ ನಗರದ ನ್ಯಾಯಾಲಯ ಪ್ವಾಂಕಾರೆಯವರ ಪತ್ರವನ್ನು ಕೇಳಿದ ಮೇಲೂ, ಐವರು ಒಂದು ಕಡೆ ಇಬ್ಬರು ಒಂದು ಕಡೆಯಾಗಿ, ಡ್ರೇಫಸ್ಸನನ್ನು ಮತ್ತೆ ಅಪರಾಧಿಯೆಂದಿತು. ಕೆಲವೇ ದಿನಗಳಲ್ಲಿ ರಾಷ್ಟ್ರಾಧ್ಯಕ್ಷರ ಕ್ಷಮಾದಾನದಿಂದ ಆತನಿಗೆ ಬಿಡುಗಡೆ ದೊರೆಯಿತು. ಆದರೆ ಕಳಂಕ ಉಳಿಯಿತು.

ಹಾಗಾದರೆ ಗಣಿತಜ್ಞರ ಶ್ರಮ ವ್ಯರ್ಥವಾಯಿತೆ? ಇಲ್ಲ. 1904ರಲ್ಲಿ ಫ್ರಾನ್ಸಿನ ಅತ್ಯುಚ್ಚ ನ್ಯಾಯಾಲಯದ ಕೋರಿಕೆಯಂತೆ ದಾರ್ಬೂ, ಆಪೆಲ್, ಪ್ವಾಂಕಾರೆ ಈ ಮೂವರೂ ಪತ್ರವನ್ನು ಹೊಸದಾಗಿ ಅಳೆದು, ಬರ್ಟಿಲನ್ನರ ಇಡೀ ಪದ್ಧತಿಗೆ ವೈಜ್ಞಾನಿಕ ಬೆಲೆಯಿಲ್ಲವೆಂದು ವರದಿ ಕೊಟ್ಟರು. 1906ರ ಜುಲೈ 12ರಂದು ನ್ಯಾಯಾಲಯ ಡ್ರೇಫಸ್ ನಿರಪರಾಧಿಯೆಂದು ತೀರ್ಪಿತ್ತಿತು. ಬಂಧನದಿಂದ ಈ ತೀರ್ಪಿನವರೆಗೆ ಹನ್ನೆರಡು ವರ್ಷಗಳು ಹಿಡಿದವು. ಆತನಿಗೆ ಮರಣೋತ್ತರವಾಗಿ ಬ್ರಿಗೇಡಿಯರ್ ಜನರಲ್ ಪದವಿ ನೀಡುವ ಮಸೂದೆಯನ್ನು ಫ್ರೆಂಚ್ ರಾಷ್ಟ್ರೀಯ ಸಭೆ ಸರ್ವಾನುಮತದಿಂದ ಅಂಗೀಕರಿಸಿದುದು 2025ರ ಜೂನ್ ತಿಂಗಳಿನಲ್ಲಿ. ಒಂದು ಸುಳ್ಳನ್ನು ಸಾರುವುದಕ್ಕೆ ಒಂದು ಮುಂಜಾನೆಯ ಪತ್ರಿಕೆ ಸಾಕು. ಅದನ್ನು ತೊಳೆಯುವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ಈ ಇಸವಿಗಳೇ ಹೇಳುತ್ತವೆ.

ಸುಳ್ಳು ಒಂದೇ ಪಕ್ಷದ ಸೊತ್ತಲ್ಲವೆಂಬುದನ್ನೂ ನಾವು ಹೇಳಬೇಕು. 1896ರಲ್ಲಿ, ಮರೆತುಹೋಗುತ್ತಿದ್ದ ಪ್ರಕರಣವನ್ನು ಜನರ ನೆನಪಿಗೆ ತರಲೆಂದು ಡ್ರೇಫಸ್ಸನ ಸೋದರ, ಸೆರೆಯಾಳು ದ್ವೀಪದಿಂದ ಪರಾರಿಯಾದನೆಂಬ ಹುಸಿ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಬರುವಂತೆ ಮಾಡಿದರು. ಉದ್ದೇಶ ಒಳ್ಳೆಯದೇ. ಫಲವೇನು? ಸರಕಾರ ಬೆದರಿ, ಡ್ರೇಫಸ್ಸನ ಕಾಲುಗಳನ್ನು ಒಂದು ತಿಂಗಳಿಗೂ ಹೆಚ್ಚು ಕಾಲ ರಾತ್ರಿಯ ಹೊತ್ತು ಮಂಚಕ್ಕೆ ಕಬ್ಬಿಣದ ಕೋಳದಿಂದ ಬಿಗಿಯಿತು. ನ್ಯಾಯದ ಪಕ್ಷದಲ್ಲಿರುವವರು ಆಡಿದ ಸುಳ್ಳು ಅವರು ಕಾಪಾಡಬೇಕೆಂದಿದ್ದ ವ್ಯಕ್ತಿಯನ್ನೇ ಕಚ್ಚಿತು.

ಇದೆಲ್ಲ ದೂರದೇಶದ ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಕವೇನ್ಯಾಕರ ಭಾಷಣವನ್ನು ಊರೂರಿಗೆ ಮುಟ್ಟಿಸುವುದಕ್ಕೆ ಅಂದು ಮುದ್ರಣಾಲಯ, ಅಂಚೆ, ಅಂಟು ಎಲ್ಲವೂ ಬೇಕಾಗಿದ್ದವು. ಇಂದು ನಮ್ಮ ಕೈಯಲ್ಲಿರುವ ಮೊಬೈಲ್ ದೂರವಾಣಿಯ ಮೇಲೆ ಬೆರಳಿಟ್ಟರೆ ಸಾಕು. ಅಂದಿನ ಗೋಡೆಗೆ ಭಿತ್ತಿಪತ್ರ ಅಂಟಿಸಿದವನು ಸರಕಾರದ ನೌಕರ. ಇಂದು ಆ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿರುವವರು ನಾವು ನೀವೇ. ಯಾವುದೋ ಸಮುದಾಯದ ಮೇಲೋ ನಾಯಕನ ಮೇಲೋ ಹೊರಿಸಿದ ಆರೋಪ ಅಂಕಿಗಳೊಡನೆ ಬಂದಾಗ, ಅದು ನಮಗೆ ಹಿತವಾದರೆ ಕೂಡಲೇ ಮುಂದಕ್ಕೆ ಕಳುಹಿಸುತ್ತೇವೆ, ಅಹಿತವಾದರೆ ಮಾತ್ರ ಲೆಕ್ಕ ಕೇಳುತ್ತೇವೆ. ಹಿತವಾದುದಕ್ಕೂ ಲೆಕ್ಕ ಕೇಳುವುದನ್ನು ಕಲಿಯಬೇಕು.

ಕೇಳಬೇಕಾದ ಪ್ರಶ್ನೆಗಳು ಮೂರೇ. ತೋರಿಸಿದ ನಾಲ್ಕನ್ನು ಎಷ್ಟರಿಂದ ಆರಿಸಿದರು? ಯಾವ ಸಂಗತಿ ಕಂಡುಬಂದಿದ್ದರೆ ಹೇಳಿದವನು ತನ್ನ ಮಾತನ್ನು ಹಿಂದೆಗೆದುಕೊಳ್ಳುತ್ತಿದ್ದ? ಮೂಲ ಕಾಗದವನ್ನು ದೀಪಕ್ಕೆ ಹಿಡಿದು ನೋಡಿದವರು ಯಾರು? ಈ ಮೂರಕ್ಕೂ ಉತ್ತರ ದೊರೆಯುವ ತನಕ ತೀರ್ಪು ಕೊಡದಿರುವುದು ಹೇಡಿತನವಲ್ಲ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯಿಂದ ನಿರ್ಣಯಕ್ಕೆ ಬಂದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಮನುಷ್ಯನೊಬ್ಬನ ಮಾನದ ವಿಷಯದಲ್ಲಿ ಅಷ್ಟು ಬಿಗಿಯನ್ನಾದರೂ ಪಾಲಿಸಬೇಡವೆ?

ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲೊಂದೆಂದು ನಮ್ಮ ಸಂವಿಧಾನದ 51ಎ ವಿಧಿ ಹೇಳುತ್ತದೆ. 1976ರ ತಿದ್ದುಪಡಿಯಿಂದ ಸೇರಿದ ಈ ಮಾತು ಪರೀಕ್ಷೆಯಲ್ಲಿ ಬರೆಯುವುದಕ್ಕೆ ಮಾತ್ರವೆಂದು ತಿಳಿಯಬಾರದು. ಚುನಾವಣೆಯ ಬೀದಿಯಲ್ಲಿ, ಹಾಸ್ಟೆಲಿನ ಊಟದ ಮನೆಯಲ್ಲಿ, ಮನೆಯ ಜಗಲಿಯಲ್ಲಿ ಅದರ ಪರೀಕ್ಷೆ ದಿನವೂ ನಡೆಯುತ್ತಿರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನೀವು ಯಾವ ಪಕ್ಷಕ್ಕಾದರೂ ಸೇರಿ, ಯಾವ ನಾಯಕನನ್ನಾದರೂ ಮೆಚ್ಚಿ. ಅದು ನಿಮ್ಮ ಹಕ್ಕು. ನಿಮ್ಮ ಪಕ್ಷದವರೇ ತಪ್ಪು ಲೆಕ್ಕವನ್ನು ಮುಂದಿಟ್ಟ ದಿನ ಎದ್ದುನಿಂತು, ಈ ಲೆಕ್ಕ ಸರಿಯಿಲ್ಲ ಎಂದು ಹೇಳಬಲ್ಲಿರಾದರೆ ನೀವು ಓದಿದ ವಿಜ್ಞಾನ ನಿಮಗೆ ದಕ್ಕಿತು.