ಹಿಡಿಯದ ಕ್ಲಚ್ಚು, ಬಿಡದ ಕ್ಲಚ್ಚು

ಇಂಗ್ಲಿಷಿನಲ್ಲಿ ‘ಕ್ಲಚ್’ ಎಂದರೆ ಬಿಗಿಯಾಗಿ ಹಿಡಿಯುವುದು ಎಂದರ್ಥ. ಆದರೆ ಮೋಟಾರು ನಡೆಸುವವನು ಕ್ಲಚ್ಚನ್ನು ತುಳಿಯುವುದು ಹಿಡಿಯುವುದಕ್ಕಲ್ಲ, ಬಿಡಿಸುವುದಕ್ಕೆ. ಕಾಲು ತೆಗೆದರೆ ಹಿಡಿತ, ಕಾಲಿಟ್ಟರೆ ಬಿಡುಗಡೆ. ಪದಗಳ ಪಾಠ ಹೇಳಿ ಬದುಕುವ ನನ್ನಂಥವನಿಗೆ ಇದು ಬರಿಯ ವಿನೋದವಾಗಿ ತೋರಬಹುದು. ಕಾರಿನ ಕಾಯಿಲೆಯನ್ನು ಪರೀಕ್ಷಿಸುವವರಿಗಂತೂ ಇದೇ ಮೊದಲ ಸೂತ್ರ. ಕ್ಲಚ್ಚು ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ, ಹಿಡಿಯುತ್ತಿಲ್ಲವೋ ಬಿಡುತ್ತಿಲ್ಲವೋ ಎಂದು ಮೊದಲು ಕೇಳಬೇಕು. ಇವೆರಡೂ ಬೇರೆ ಬೇರೆ ರೋಗಗಳು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಉದಾಹರಣೆಗೆ ಸ್ಟ್ಯಾಂಡರ್ಡ್ ಹೆರಾಲ್ಡನ್ನೇ ತೆಗೆದುಕೊಳ್ಳೋಣ. ಇಟಲಿಯ ಮಿಕೆಲೊಟ್ಟಿ ಎಂಬ ಶಿಲ್ಪಿ ರೂಪು ಕೊಟ್ಟ ಈ ಪುಟ್ಟ ಗಾಡಿ 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದಿತು. 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ತಯಾರಾಗಿ, ಮುಂದೆ ನಮ್ಮ ದೇಶದಲ್ಲಿ ಮಾತ್ರ ನಾಲ್ಕು ಬಾಗಿಲುಗಳನ್ನೂ ಪಡೆಯಿತು. ಅದರ ಕಾಲ ಮುಗಿದು ಎಷ್ಟೋ ವರ್ಷಗಳಾದರೂ, ಅಜ್ಜನ ಗಾಡಿ ಎಂಬ ಅಭಿಮಾನದಿಂದ ಅದನ್ನು ಕಾಪಾಡಿಕೊಂಡು ಬಂದಿರುವ ಮನೆಗಳು ಬೆಂಗಳೂರು ಮೈಸೂರುಗಳಲ್ಲಿ ಇಂದಿಗೂ ಉಂಟು.

ಎಂಜಿನಿನ ಹಿಂಬದಿಯಲ್ಲಿ ತಿರುಗುವ ಭಾರವಾದ ಚಕ್ರವೇ ಫ್ಲೈವ್ಹೀಲು. ಅದಕ್ಕೂ ಸ್ಪ್ರಿಂಗುಗಳ ಬಲದಿಂದ ಒತ್ತುವ ಪ್ರೆಷರ್ ಪ್ಲೇಟಿಗೂ ನಡುವೆ ರೊಟ್ಟಿಯಂತೆ ಸಿಕ್ಕಿಕೊಂಡಿರುವುದು ಕ್ಲಚ್ ಪ್ಲೇಟು. ಎಂಜಿನಿನ ಶಕ್ತಿ ಗೇರಿನ ಪೆಟ್ಟಿಗೆಗೆ ಹೋಗುವುದು ಈ ರೊಟ್ಟಿಯ ಮೂಲಕ. ಪೆಡಲನ್ನು ತುಳಿದಾಗ ಮೇಲಿನ ಮಾಸ್ಟರ್ ಸಿಲಿಂಡರಿನ ಎಣ್ಣೆ ಸಣ್ಣ ಕೊಳವೆಯಲ್ಲಿ ನುಗ್ಗಿ, ಕೆಳಗಿನ ಸ್ಲೇವ್ ಸಿಲಿಂಡರಿನ ಕಡ್ಡಿಯನ್ನು ತಳ್ಳುತ್ತದೆ. ಕಡ್ಡಿ ಕವೆಯನ್ನೂ, ಕವೆ ರಿಲೀಸ್ ಬೇರಿಂಗನ್ನೂ ತಳ್ಳಿ ಸ್ಪ್ರಿಂಗಿನ ಹಿಡಿತವನ್ನು ಸಡಿಲಿಸುತ್ತವೆ.

ಹಿಡಿಯದ ಕ್ಲಚ್ಚನ್ನು ಗುರುತಿಸುವುದು ಕಷ್ಟವಲ್ಲ. ಚಾಮುಂಡಿ ಬೆಟ್ಟವನ್ನು ಏರುವಾಗ ಎಂಜಿನಿನ ಕೂಗು ಹೆಚ್ಚುತ್ತದೆ, ಗಾಡಿಯ ವೇಗ ಮಾತ್ರ ಹೆಚ್ಚುವುದಿಲ್ಲ. ಸುಟ್ಟ ವಾಸನೆಯೂ ಮೂಗಿಗೆ ಬಡಿಯುತ್ತದೆ. ಮನೆಯ ಅಂಗಳದಲ್ಲೇ ಪರೀಕ್ಷಿಸಬೇಕೆಂದರೆ, ಕೈಬ್ರೇಕನ್ನು ಬಿಗಿಯಾಗಿ ಎಳೆದು, ನಾಲ್ಕನೆಯ ಗೇರು ಹಾಕಿ, ಕಾಲನ್ನು ಮೆಲ್ಲಗೆ ತೆಗೆಯಿರಿ. ಎಂಜಿನು ಒಡನೆಯೇ ನಿಂತುಹೋಗಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆಯೆಂದೇ ತಿಳಿಯಬೇಕು. (ಈ ಪರೀಕ್ಷೆ ಒಂದು ಸಲ ಸಾಕು, ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ರೋಗವಾದೀತು.) ಪ್ಲೇಟಿನ ಲೈನಿಂಗು ಸವೆದಿರಬಹುದು, ಅಥವಾ ಎಂಜಿನಿನ ಹಿಂಭಾಗದಿಂದ ಎಣ್ಣೆ ಸೋರಿ ಅದನ್ನು ನೆನೆಸಿರಬಹುದು. ನೆನೆದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರುಂಟು. ಅದು ನಾಲ್ಕು ದಿನದ ಉಪಶಮನ. ಸೋರಿಕೆಯನ್ನು ನಿಲ್ಲಿಸದೆ ಹೊಸ ಪ್ಲೇಟು ಹಾಕುವುದೂ ಅಷ್ಟೇ ವ್ಯರ್ಥ.

ನಿಜವಾದ ಗೊಂದಲವಿರುವುದು ಬಿಡದ ಕ್ಲಚ್ಚಿನಲ್ಲಿ. ಗೇರು ಹಾಕುವಾಗ ಕರಕರ ಸದ್ದು, ಸಿಗ್ನಲಿನಲ್ಲಿ ಪೆಡಲು ತುಳಿದಿದ್ದರೂ ಗಾಡಿ ಮುಂದಕ್ಕೆ ತೆವಳುವುದು, ಇವು ಅದರ ಲಕ್ಷಣ. ಎಂಜಿನು ನಿಧಾನವಾಗಿ ಓಡುತ್ತಿರುವಾಗ ಪೆಡಲನ್ನು ಪೂರ್ತಿ ತುಳಿದು, ನಾಲ್ಕೈದು ಎಣಿಸಿ, ರಿವರ್ಸ್ ಗೇರು ಹಾಕಿ ನೋಡಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ಚು ಬಿಡುತ್ತಿದೆ. ಕಿರುಚಿದರೆ, ಪೆಡಲನ್ನು ಎರಡು ಮೂರು ಸಲ ಬೇಗಬೇಗನೆ ತುಳಿದು ಮತ್ತೆ ಹಾಕಿ. ಈಗ ಸಲೀಸಾಗಿ ಬಿದ್ದರೆ ಸಂತೋಷಪಡಬಹುದು. ದೋಷವಿರುವುದು ಎಣ್ಣೆಯ ದಾರಿಯಲ್ಲಿಯೇ ಹೊರತು ಗೇರಿನ ಪೆಟ್ಟಿಗೆಯ ಆಚೆಯಲ್ಲಲ್ಲ. ಮಾಸ್ಟರ್ ಸಿಲಿಂಡರಿನ ಡಬ್ಬಿಯಲ್ಲಿ ಎಣ್ಣೆ ಇಳಿದಿದೆಯೇ, ಪೆಡಲಿನ ಮೇಲ್ಭಾಗದಲ್ಲಿ ತೇವವಿದೆಯೇ, ಸ್ಲೇವ್ ಸಿಲಿಂಡರಿನ ರಬ್ಬರು ಟೋಪಿಯನ್ನು ಮಡಿಸಿದರೆ ಒಳಗೆ ಒದ್ದೆಯಿದೆಯೇ ಎಂದು ನೋಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಅಪರಾಧಿ ಬೆರಳುಗಾತ್ರದ ಒಂದು ರಬ್ಬರು ವಾಷರು. ಅದನ್ನು ಬದಲಾಯಿಸಿ, ಕೊಳವೆಯಲ್ಲಿ ಸೇರಿಕೊಂಡ ಗಾಳಿಯನ್ನು ಹೊರಡಿಸಿದರೆ ಆಯಿತು. ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿದು ಗುಳಿಬಿದ್ದಿದ್ದರೆ ಮಾತ್ರ ಹೊಸ ವಾಷರೂ ಬಹುಕಾಲ ಬಾಳದು. ಇನ್ನೊಂದು ಮಾತು: ಡಬ್ಬಿಗೆ ಬ್ರೇಕ್ ಆಯಿಲನ್ನಲ್ಲದೆ ಎಂಜಿನ್ ಆಯಿಲನ್ನಾಗಲಿ ಬೇರಾವ ಎಣ್ಣೆಯನ್ನಾಗಲಿ ಅವಸರಕ್ಕೆಂದೂ ಹಾಕಬಾರದು. ರಬ್ಬರು ಉಬ್ಬಿ ಎಲ್ಲವೂ ಕೆಡುತ್ತದೆ.

ಎಣ್ಣೆಯ ದಾರಿ ಸರಿಯಾಗಿದ್ದು, ಸ್ಲೇವ್ ಸಿಲಿಂಡರಿನ ಕಡ್ಡಿ ಪೂರ್ತಿ ಚಲಿಸಿದರೂ ಕ್ಲಚ್ಚು ಬಿಡದಿದ್ದರೆ? ಮಳೆಗಾಲವೆಲ್ಲ ನಿಂತ ಗಾಡಿಯಾದರೆ ಪ್ಲೇಟು ತುಕ್ಕಿನಿಂದ ಫ್ಲೈವ್ಹೀಲಿಗೆ ಅಂಟಿಕೊಂಡಿರಬಹುದು. ಇಲ್ಲವಾದರೆ, ಗೇರಿನ ಪೆಟ್ಟಿಗೆಯನ್ನು ಮುಟ್ಟುವ ಮುನ್ನ ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಇದಕ್ಕೆ ಖರ್ಚಿಲ್ಲ, ಇದನ್ನು ಮಾಡುವವರೂ ಕಡಿಮೆ. ಎಂಜಿನನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿನಲ್ಲಿರಿಸಿ, ಮುಂದಿನ ಬಾನೆಟ್ಟನ್ನು ಎತ್ತಿ (ಹೆರಾಲ್ಡಿನಲ್ಲಿ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಬಗ್ಗುವ ಶ್ರಮವಿಲ್ಲ), ಮನೆಯವರೊಬ್ಬರಿಗೆ ಕ್ಲಚ್ಚನ್ನು ತುಳಿಯಲು ಹೇಳಿ. ನೀವು ಫ್ಯಾನ್ ಬೆಲ್ಟಿನ ಕೆಳಗಿನ ರಾಟೆಯನ್ನು ನೋಡುತ್ತಿರಿ. ತುಳಿದಾಗ ರಾಟೆ ಕಣ್ಣಿಗೆ ಕಾಣುವಷ್ಟು ಮುಂದಕ್ಕೆ ಸರಿದರೆ, ಕೂಡಲೇ ಗಾಡಿಯನ್ನು ಓಡಿಸುವುದನ್ನು ನಿಲ್ಲಿಸಿ.

ಕಾರಣವಿಷ್ಟೆ. ಕ್ಲಚ್ಚನ್ನು ತುಳಿಯುವ ಬಲವೆಲ್ಲ ಕೊನೆಗೆ ಕ್ರ್ಯಾಂಕ್ ಶಾಫ್ಟನ್ನು ಮುಂದಕ್ಕೆ ತಳ್ಳುತ್ತದೆ. ಅದನ್ನು ತಡೆಯುವುದು ಎಂಜಿನಿನ ಹಿಂಬದಿಯ ಬೇರಿಂಗಿನಲ್ಲಿರುವ ಅರ್ಧಚಂದ್ರಾಕಾರದ ಥ್ರಸ್ಟ್ ವಾಷರುಗಳು. ಶಾಫ್ಟಿಗೆ ಇರತಕ್ಕ ಅವಕಾಶ 0.006 ಅಂಗುಲದ ಆಸುಪಾಸು. ವಾಷರು ಸವೆದಂತೆ ತುಳಿತದ ಒಂದು ಪಾಲು ಶಾಫ್ಟನ್ನು ಸರಿಸುವುದಕ್ಕೇ ವ್ಯಯವಾಗಿ, ಕ್ಲಚ್ಚು ಬಿಡದಂತಾಗುತ್ತದೆ. ಬಹಳ ಸವೆದರೆ ವಾಷರು ಜಾರಿ ಕೆಳಗಿನ ಎಣ್ಣೆಯ ತೊಟ್ಟಿಗೆ ಬೀಳುತ್ತದೆ. ಆಮೇಲೆ ಶಾಫ್ಟು ಎಂಜಿನಿನ ಮೈಯನ್ನೇ ಉಜ್ಜತೊಡಗುತ್ತದೆ.

ನನ್ನ ಸಹೋದ್ಯೋಗಿಗಳೊಬ್ಬರ ತಂದೆಯವರ ಹೆರಾಲ್ಡಿಗೆ ಗ್ಯಾರೇಜೊಂದರಲ್ಲಿ ಹೊಸ ಪ್ಲೇಟು, ಹೊಸ ಪ್ರೆಷರ್ ಪ್ಲೇಟು ಎಲ್ಲವನ್ನೂ ಹಾಕಿ ಕಳುಹಿಸಿದ್ದರು. ಮೂರು ತಿಂಗಳಲ್ಲಿ ಅದೇ ಕರಕರ. ಹಳೆಯದಕ್ಕಿಂತ ಬಲವಾದ ಹೊಸ ಸ್ಪ್ರಿಂಗು ಶಾಫ್ಟನ್ನು ಇನ್ನಷ್ಟು ಜೋರಾಗಿ ತಳ್ಳುತ್ತಿತ್ತೆಂಬುದು ರಾಟೆಯನ್ನು ನೋಡಿದ ಕ್ಷಣ ತಿಳಿಯಿತು. ಮುದುಕರು ಆ ಗಾಡಿಯಲ್ಲಿಯೇ ಮದುವೆಯ ದಿಬ್ಬಣ ಬಂದವರು. ಎಂಜಿನು ಹೋಯಿತೆಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಅದೃಷ್ಟಕ್ಕೆ ವಾಷರು ಇನ್ನೂ ಬಿದ್ದಿರಲಿಲ್ಲ. ಎಣ್ಣೆಯ ತೊಟ್ಟಿಯನ್ನು ಇಳಿಸಿ, ಹಿಂದಿನ ಬೇರಿಂಗಿನ ಟೋಪಿಯನ್ನು ಬಿಚ್ಚಿ, ಕೆಳಗಿನಿಂದಲೇ ಹೊಸ ವಾಷರುಗಳನ್ನು ಕೂರಿಸಲಾಯಿತು. ಎಂಜಿನನ್ನು ಮೇಲೆತ್ತುವ ಪ್ರಮೇಯವೇ ಬರಲಿಲ್ಲ. ಆ ಗ್ಯಾರೇಜಿನವರು ಒಂದು ನಿಮಿಷ ಬಗ್ಗಿ ನೋಡಿದ್ದರೆ ಇಷ್ಟು ಹಣವೂ ಸಂಕಟವೂ ಉಳಿಯುತ್ತಿದ್ದವು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಗಾಡಿ ನಡೆಸುವಾಗಲೆಲ್ಲ ಎಡಗಾಲನ್ನು ಪೆಡಲಿನ ಮೇಲೆಯೇ ಊರಿಕೊಂಡಿರುವ ಅಭ್ಯಾಸ ಈ ವಾಷರುಗಳ ಪರಮ ವೈರಿ.

ಪ್ಲೇಟನ್ನೇ ಬದಲಾಯಿಸಬೇಕಾದಾಗ ಹೆರಾಲ್ಡಿನದೊಂದು ಸ್ವಾರಸ್ಯವಿದೆ. ಇದರ ಗೇರಿನ ಪೆಟ್ಟಿಗೆ ಹೊರಬರುವುದು ಗಾಡಿಯ ಅಡಿಯಿಂದಲ್ಲ, ಒಳಗಿನಿಂದ! ಮುಂದಿನ ಸೀಟುಗಳನ್ನು ತೆಗೆದು, ನಡುವಿನ ಉಬ್ಬು ಹೊದಿಕೆಯನ್ನು ಬಿಚ್ಚಿ, ಹಿಂದಿನ ಶಾಫ್ಟನ್ನು ಕಳಚಿ, ಎಂಜಿನಿಗೆ ಜ್ಯಾಕಿನ ಆಸರೆ ಕೊಟ್ಟು, ಪೆಟ್ಟಿಗೆಯನ್ನು ಹಿಂದಕ್ಕೆಳೆದು ಬಾಗಿಲಿನಿಂದ ಹೊರಗೆ ತರುತ್ತಾರೆ. ಒಂದೆರಡು ದಿನ ಸೀಟುಗಳು ಹಜಾರದಲ್ಲಿರುತ್ತವೆಂದು ಮನೆಯಲ್ಲಿ ಮೊದಲೇ ತಿಳಿಸಿಡುವುದು ಕ್ಷೇಮ. ಒಳಗಿನ ಕಪ್ಪು ಧೂಳನ್ನು ಮಾತ್ರ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಮಕ್ಕಳ ಕೈಗೆ ಸಿಗದಂತೆ ಬಿಸುಡಬೇಕು. ಪ್ಲೇಟನ್ನು ಸರಿಯಾಗಿ ನಡುವಿಗೆ ಕೂರಿಸಿದ ಬಳಿಕವೇ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಓರೆಯಾದರೆ ಪೆಟ್ಟಿಗೆಯ ಶಾಫ್ಟು ಒಳಗೆ ಹೋಗುವುದೇ ಇಲ್ಲ. ಎಲ್ಲವನ್ನೂ ಜೋಡಿಸಿದ ಮೇಲೆ, ಸೀಟುಗಳನ್ನು ಒಳಗಿಡುವುದಕ್ಕೆ ಮುಂಚೆ, ರಿವರ್ಸ್ ಗೇರಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಬಿಡಿ.