ಹಾರೋದು ಒಂದು ತಾಸು, ಮನೆ ಮುಟ್ಟೋದು ಯಾವಾಗ?

ತಿಕೋಟಾದಿಂದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಮಗಳು ಬೆಂಗಳೂರಿನಲ್ಲಿ, ಚೊಚ್ಚಲ ಬಸುರಿ. ಏಳರಲ್ಲಿ ಕುಬಸ ಮುಗಿಸಿ ತವರಿಗೆ ಕರೆತರಬೇಕು. “ರೈಲು ಯಾಕ್ರೀ ಅತ್ತಿ, ಹುಬ್ಬಳ್ಳಿಗೆ ವಿಮಾನದಾಗ ಒಂದs ತಾಸು” ಎಂದು ಅಳಿಯಂದಿರು ಮೊಬೈಲಿನಲ್ಲಿ ತೋರಿಸಿದರಂತೆ.

ಅಳಿಯಂದಿರ ಮಾತು ಸುಳ್ಳಲ್ಲ. ಬೆಂಗಳೂರು-ಹುಬ್ಬಳ್ಳಿ ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 370 ಕಿ.ಮೀ. ಸಣ್ಣ ಊರುಗಳಿಗೆ ಓಡಾಡುವ ಎ.ಟಿ.ಆರ್. ವಿಮಾನದ ವೇಗ ತಾಸಿಗೆ 500 ಕಿ.ಮೀ. ಆಸುಪಾಸು. ಹಾಗಾದರೆ ಮುಕ್ಕಾಲು ತಾಸು ಸಾಕಲ್ಲ, ಟಿಕೀಟಿನಲ್ಲಿ ತಾಸಿನ ಮೇಲೆ ಯಾಕೆ? ನಿಂತ ಜಾಗ ಬಿಟ್ಟು ರನ್‌ವೇಗೆ ಉರುಳುವುದು, ಏರುವುದು, ಇಳಿದು ಮತ್ತೆ ನಿಲ್ಲುವುದು, ಎಲ್ಲ ಆ ವೇಳೆಯಲ್ಲೇ ಸೇರಿದೆ. ಅನ್ನ ಬೇಯೋದು ಇಪ್ಪತ್ತು ನಿಮಿಷವಾದರೂ ಅಕ್ಕಿ ಆರಿಸುವ ಹೊತ್ತನ್ನು ನಾವೂ ಎಣಿಸುವುದಿಲ್ಲವಲ್ಲ!

ಈಗ ಹೊಸ್ತಿಲಿನಿಂದ ಹೊಸ್ತಿಲಿಗೆ ಎಣಿಸೋಣ. ಬೆಂಗಳೂರಿನ ಮನೆಯಿಂದ ದೇವನಹಳ್ಳಿಗೆ ಒಂದೂವರೆ-ಎರಡು ತಾಸು. ಸಾಮಾನು ಒಪ್ಪಿಸುವ ಕೌಂಟರು ಮುಕ್ಕಾಲು-ಒಂದು ತಾಸು ಮೊದಲೇ ಮುಚ್ಚುತ್ತದೆ, ಆದ್ದರಿಂದ ಇನ್ನಷ್ಟು ಮುಂಚೆ ಅಲ್ಲಿರಬೇಕು. ಹಾರಾಟದ ತಾಸು ಆಮೇಲೆ. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ವಿಜಯಪುರ ಇನ್ನೂ ಇನ್ನೂರು ಕಿ.ಮೀ. ಹತ್ತಿರ, ಅಲ್ಲಿಂದ ತಿಕೋಟಾ ಮತ್ತೆ ಇಪ್ಪತ್ತು. ಅಂದರೆ ಕಾರಿನಲ್ಲಿ ನಾಲ್ಕು ತಾಸಿನ ಮೇಲೆ. ಒಟ್ಟು ಒಂಬತ್ತಕ್ಕೆ ಕಡಿಮೆ ಇಲ್ಲ. ಏಳು ತಿಂಗಳ ಬಸುರಿಗೆ ಕಷ್ಟ ಆಕಾಶದಲ್ಲಲ್ಲ, ಆ ನಾಲ್ಕು ತಾಸಿನಲ್ಲಿ: ಕಾಲು ಜೋತುಬಿಟ್ಟು ಕೂಡಬೇಕು, ಪದೇಪದೇ ಬಚ್ಚಲಿಗೆ ಹೋಗಬೇಕು, ದಾರಿಯಲ್ಲಿ ಚೊಕ್ಕ ಜಾಗ ಸಿಗಬೇಕಲ್ಲ.

ಕಲಬುರಗಿ (ಅಲ್ಲಿ 2019ರ ನವೆಂಬರಿನಲ್ಲಿ ವಿಮಾನ ಶುರುವಾಯಿತು) ವಿಜಯಪುರದವರಿಗೆ ಹತ್ತಿರವೆನಿಸಿದರೂ ತಿಕೋಟಾದವರಿಗೆ ಅದು ಹಿಂದಕ್ಕೆ ತಿರುಗಿದ ದಾರಿ. ನಿಮಗೆ ಅಥಣಿ ಮೇಲೆ ಬೆಳಗಾವಿಯೂ ಅಷ್ಟೇ ದೂರ. ಬಬಲೇಶ್ವರದವರು ಗಲಗಲಿ, ಮುಧೋಳ, ಯರಗಟ್ಟಿ ಹಿಡಿದರೆ ಬೆಳಗಾವಿ ಊರು ಹೊಗುವ ಮೊದಲೇ ಸಾಂಬ್ರಾ ನಿಲ್ದಾಣ ಸಿಗುತ್ತದೆ. ತಮಾಷೆಯೆಂದರೆ ಬೆಳಗಾವಿಯಿಂದ ಕಲಬುರಗಿಗೆ ಗೆರೆ ಎಳೆದರೆ ಅದು ನಮ್ಮ ಜಿಲ್ಲೆಯ ನೆತ್ತಿಯ ಮೇಲೇ ಹಾಯುತ್ತದೆ! 2021ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದ ನಮ್ಮ ಬುರಣಾಪುರದಲ್ಲಿ ವಿಮಾನ ಇಳಿಯುವ ದಿನ ಈ ಲೆಕ್ಕವೆಲ್ಲ ಬದಲಾದೀತು.

ನನ್ನನ್ನು ಕೇಳಿದರೆ, ಡಾಕ್ಟರು ಬೇಡವೆನ್ನದಿದ್ದರೆ ರಾತ್ರಿ ರೈಲೇ ವಾಸಿ. ಗೋಲಗುಂಬಜ ಎಕ್ಸ್‌ಪ್ರೆಸ್ಸಿನಲ್ಲಿ ಮಲಗಿಕೊಂಡು ಬರಬಹುದು, ಬಚ್ಚಲು ನಾಲ್ಕು ಹೆಜ್ಜೆಯಲ್ಲಿದೆ. ಬಸುರಿಯರಿಗೆ ಕೆಳಗಿನ ಬರ್ತಿನ ಕೋಟಾ ಇದೆ, ಟಿಕೀಟು ತೆಗೆಸುವಾಗಲೇ ಕೇಳಿರಿ. ಎಷ್ಟೇ ಆದರೂ ಒಬ್ಬಳನ್ನೇ ಕಳಿಸಬೇಡಿರಿ.

ವಿಮಾನವೇ ಸೈ ಎಂದರೆ ಬೆಳಗಿನದನ್ನೇ ಹಿಡಿಯಿರಿ, ಕಾರಿನ ದಾರಿ ಹಗಲಲ್ಲೇ ಮುಗಿಯಲಿ. ಸಾಮಾನ್ಯವಾಗಿ 32 ವಾರ ದಾಟಿದರೆ ಡಾಕ್ಟರ ಚೀಟಿ ಕೇಳುತ್ತಾರೆ, 36 ದಾಟಿದರೆ ಹತ್ತಿಸಿಕೊಳ್ಳುವುದಿಲ್ಲ. ಕುಬಸದ ಮುಹೂರ್ತಕ್ಕಾಗಿ ದಿನ ಮುಂದೂಡುವ ಮೊದಲು ಈ ವಾರಗಳನ್ನು ಬೆರಳೆಣಿಸಿ ನೋಡಿರಿ. ಸ್ಕ್ಯಾನಿನ ಕಾಗದಗಳು ದೊಡ್ಡ ಪೆಟ್ಟಿಗೆಯಲ್ಲಿ ಬೇಡ, ಮಗಳ ಕೈಚೀಲದಲ್ಲೇ ಇರಲಿ.