ಹಳೇ ಎಲೆಕ್ಟ್ರಿಕ್ ಕಾರು ಕೊಳ್ಳೋ ಮುಂಚೆ ಮನೆ ಮೀಟರ್ ನೋಡಿ

"ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಅಗ್ಗಕ್ಕೆ ಸಿಗ್ತಾ ಇದೆ, ತಗೋಬಹುದಾ?" ಈ ಪ್ರಶ್ನೆ ಈಗ ಪ್ರತಿ ತಿಂಗಳೂ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ನಿವೃತ್ತಿಯ ದುಡ್ಡಲ್ಲೋ, ಚೀಟಿ ಎತ್ತಿದ ದುಡ್ಡಲ್ಲೋ ಮನೆಗೆ ಮೊದಲ ಕಾರು ತರಲು ಹೊರಟವರು. ಹಾಗಾಗಿ ಈ ಸಲ ಬೇರೆ ಪತ್ರಗಳನ್ನು ಬದಿಗಿಟ್ಟು ಇದೊಂದನ್ನೇ ತಗೊಂಡಿದ್ದೇನೆ.

ಓಡಿಸೋ ಖರ್ಚು ಕಡಿಮೆ ಅನ್ನೋದು ನಿಜವೇ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯನ್ನೇ ನೋಡಿ. ಅದರ ಬ್ಯಾಟರಿ 30.2 ಯೂನಿಟ್ಟಿನದು. ಮನೆಯ ಕರೆಂಟು ಯೂನಿಟ್ಟಿಗೆ ಸುಮಾರು 6 ರೂಪಾಯಿ ಅಂದುಕೊಂಡರೆ, ಪೂರ್ತಿ ಚಾರ್ಜಿಗೆ 200 ರೂಪಾಯಿ ಆಸುಪಾಸು. ಕಾಗದದ ಮೇಲೆ 312 ಕಿಲೋಮೀಟರ್ ಅಂತ ಇದ್ದರೂ ನಮ್ಮ ರಸ್ತೆಯಲ್ಲಿ, ಏಸಿ ಹಾಕಿಕೊಂಡು, 200ರ ಹತ್ತಿರ ಸಿಕ್ಕರೆ ಸಮಾಧಾನಪಡಿ. ಅಂದರೂ ಕಿಲೋಮೀಟರಿಗೆ 1 ರೂಪಾಯಿ. ಪೆಟ್ರೋಲ್ ಕಾರಲ್ಲಿ ಆರೇಳು ರೂಪಾಯಿ ಬೀಳುತ್ತೆ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಬ್ರೇಕ್ ಪ್ಯಾಡ್ ಕೂಡ ನಿಧಾನಕ್ಕೆ ಸವೆಯುತ್ತೆ.

ಹಾಗಿದ್ದರೆ ಹಳೇದು ಇಷ್ಟು ಅಗ್ಗಕ್ಕೆ ಯಾಕೆ ಬರುತ್ತೆ? ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು. ವಾರಂಟಿ ಮುಗಿದ ಮೇಲೆ ಅದು ಪೂರ್ತಿ ಕೈಕೊಟ್ಟರೆ ನಾಲ್ಕೈದು ಲಕ್ಷದ ಮಾತು. ಉಳಿದ ರಿಪೇರಿಯೆಲ್ಲ ಸೇರಿದರೂ ಇದರ ಹತ್ತಿರ ಬರೋದಿಲ್ಲ. ಮಾರುವವರು ಸೀಟ್ ಕವರ್ ತೋರಿಸ್ತಾರೆ, ಹೊಸ ಟೈರ್ ತೋರಿಸ್ತಾರೆ. ಬ್ಯಾಟರಿ ಎಷ್ಟು ಉಳಿದಿದೆ ಅನ್ನೋದನ್ನು ನೀವೇ ಕೇಳಬೇಕು.

ಇದಕ್ಕೆ ಮನೆಮಟ್ಟದ ಒಂದು ಪರೀಕ್ಷೆ ಇದೆ. ಕಾರನ್ನು ಓಡಿಸಿ ಚಾರ್ಜ್ 20 ಪರ್ಸೆಂಟಿಗೆ ತನ್ನಿ. ರಾತ್ರಿ ಮಾರುವವರ ಮನೆಯಲ್ಲೇ ಆಗಲಿ, ಚಾರ್ಜಿಗೆ ಹಾಕುವ ಮುಂಚೆ ಕರೆಂಟ್ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ 100 ಆದ ಮೇಲೆ ಮತ್ತೆ ನೋಡಿ. 30 ಯೂನಿಟ್ ಬ್ಯಾಟರಿಯಲ್ಲಿ 80 ಪರ್ಸೆಂಟ್ ಅಂದರೆ 24 ಯೂನಿಟ್. ಚಾರ್ಜ್ ಆಗುವಾಗ ಹತ್ತರಲ್ಲಿ ಒಂದು ಭಾಗ ಬಿಸಿಯಾಗಿ ಹೋಗುವುದರಿಂದ ಮೀಟರಿನಲ್ಲಿ 26-27 ಓಡಿರಬೇಕು. ಫ್ರಿಜ್ಜು, ಫ್ಯಾನಿಗೆ ಒಂದೆರಡು ಕಳೆಯಿರಿ (ಆ ರಾತ್ರಿ ಗೀಸರ್ ಹಾಕಬೇಡಿ ಅಂತ ಹೇಳಿಬಿಡಿ!). 21 ಯೂನಿಟ್ಟಿಗೇ 100 ತೋರಿಸಿದರೆ ಬ್ಯಾಟರಿ ಐದರಲ್ಲೊಂದು ಪಾಲು ಕುಗ್ಗಿದೆ ಅಂತ ಲೆಕ್ಕ. ಅಂಥ ಕಾರು ತಗೋಬಾರದು ಅಂತಲ್ಲ, ಬೆಲೆ ಅದಕ್ಕೆ ತಕ್ಕಂತೆ ಇಳಿಯಬೇಕು. ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಆರೋಗ್ಯದ ರಿಪೋರ್ಟ್ ಸಿಕ್ಕರೆ ಅದನ್ನೂ ತಗೊಳ್ಳಿ.

ಓಡಿಸುವಾಗ ಇನ್ನೊಂದು ಗಮನಿಸಿ. 25, 24, 23 ಅಂತ ಇಳಿಯುತ್ತಿದ್ದದ್ದು ದಿಢೀರನೆ 10ಕ್ಕೆ ಬಂದರೆ ಒಳಗಿನ ಕೆಲವು ಸೆಲ್‌ಗಳು ಸೋತಿವೆ ಅಂತ ಅನುಮಾನಪಡಬೇಕು. ಕೆಲವು ಕಾರುಗಳಲ್ಲಿ ಆ ಭಾಗವನ್ನಷ್ಟೇ ಬದಲಿಸಬಹುದು. "ಇಡೀ ಬ್ಯಾಟರಿ ಹೋಗಿದೆ" ಅಂದ ಕೂಡಲೇ ಒಪ್ಪಬೇಡಿ, ಇನ್ನೊಂದು ಕಡೆ ತೋರಿಸಿ.

ಜನ ಬ್ಯಾಟರಿ ಹೋಯ್ತು ಅಂತ ಗಾಬರಿಯಾಗೋದು ಮಾತ್ರ ಹೆಚ್ಚಾಗಿ ಬೇರೆ ಕಾರಣಕ್ಕೆ. ಎಲೆಕ್ಟ್ರಿಕ್ ಕಾರಲ್ಲೂ ಮಾಮೂಲಿ 12 ವೋಲ್ಟಿನ ಪುಟ್ಟ ಬ್ಯಾಟರಿ ಇರುತ್ತೆ. ದೊಡ್ಡ ಬ್ಯಾಟರಿಯನ್ನು ಎಬ್ಬಿಸೋದೇ ಅದು. ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಏಳೋದಿಲ್ಲ. ಐದಾರು ಸಾವಿರದ ಕೆಲಸ. ಇನ್ನೊಂದು, ಚಾರ್ಜ್ ಆಗ್ತಿಲ್ಲ ಅನ್ನೋ ದೂರು. ಹಳೇ ಮನೆಗಳಲ್ಲಿ ಅರ್ಥಿಂಗ್ ಸರಿ ಇರೋದಿಲ್ಲ, ಕಾರು ಅದನ್ನು ಗುರುತಿಸಿ ಚಾರ್ಜ್ ತಗೊಳ್ಳಲ್ಲ. ಕಾರು ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, 16 ಆಂಪಿಯರ್ ಪ್ಲಗ್ಗಿಗೆ ಬೇರೆಯೇ ವೈರ್ ಎಳೆಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಖಂಡಿತ ಬೇಡ.

ನಿಜವಾಗಿ ಜೇಬಿಗೆ ತಟ್ಟೋದು ಕಾರಿನ ಒಳಗಿರುವ ಚಾರ್ಜರ್ ಮತ್ತು ಏಸಿ ಕಂಪ್ರೆಸರ್. ಇವೆರಡೂ ಹೆಚ್ಚು ವೋಲ್ಟೇಜಿನವು, ಬೀದಿ ಬದಿಯ ಮೆಕ್ಯಾನಿಕ್ ಮುಟ್ಟೋ ಹಾಗಿಲ್ಲ, ಮುಟ್ಟಲೂಬಾರದು. ಯಾವುದೇ ಒಂದು ಹೋದರೂ ಹತ್ತಾರು ಸಾವಿರ. ಕಾರು ಭಾರ ಇರೋದ್ರಿಂದ ಟೈರ್ ಬೇಗ ಸವೆಯುತ್ತೆ. ನಾಲ್ಕೂ ಹಾಕಿಸಿದರೆ 30 ಸಾವಿರ ಎತ್ತಿಡಬೇಕು. ಸರ್ವಿಸ್ ಸೆಂಟರ್ ನಿಮ್ಮೂರಿಂದ 100 ಕಿಲೋಮೀಟರ್ ದೂರ ಇದ್ದರೆ ಹೊತ್ತೊಯ್ಯುವ ಲಾರಿಯ ಬಾಡಿಗೆಯೂ ಸೇರುತ್ತೆ. ಈ ಕಾರನ್ನು ಚಕ್ರ ನೆಲಕ್ಕೆ ತಾಗಿಸಿ ಹಗ್ಗ ಕಟ್ಟಿ ಎಳೆಯುವಂತಿಲ್ಲ.

ಬೆಂಗಳೂರಿನವರಿಗೆ ರೇವಾ ನೆನಪಿರಬೇಕು. 2001ರಲ್ಲಿ ಇಲ್ಲೇ ಹುಟ್ಟಿದ ಪುಟಾಣಿ ಕಾರು. ಯುಪಿಎಸ್ ಬ್ಯಾಟರಿಯಂತೆ ಅದಕ್ಕೂ ಡಿಸ್ಟಿಲ್ಡ್ ವಾಟರ್ ಹಾಕಬೇಕಿತ್ತು, ಕೆಲವು ವರ್ಷಕ್ಕೊಮ್ಮೆ ಬ್ಯಾಟರಿಗಳನ್ನೇ ಬದಲಿಸಬೇಕಿತ್ತು. ಮುಂದೆ ಮಹೀಂದ್ರ ಅದನ್ನು ಕೊಂಡು 2013ರಲ್ಲಿ ಇ2ಒ ತಂತು, 2019ಕ್ಕೆ ಅದೂ ನಿಂತಿತು. ಇವು ಈಗಲೂ ಮಾರಾಟಕ್ಕೆ ಕಾಣುತ್ತವೆ, ನೋಡಲು ಮುದ್ದಾಗಿವೆ. ಪಾರ್ಟ್ಸ್ ಎಲ್ಲಿ ಸಿಗುತ್ತೆ ಅನ್ನೋದಕ್ಕೆ ಉತ್ತರ ಇಟ್ಟುಕೊಂಡವರು ಮಾತ್ರ ತಗೊಳ್ಳಲಿ. ಮನೆಗೆ ಇರೋದು ಅದೊಂದೇ ಕಾರಾದರೆ ನಾನಂತೂ ಬೇಡ ಅಂತೀನಿ.

ವಾರಂಟಿ ಪುಸ್ತಕವನ್ನು ನೀವೇ ಕೂತು ಓದಿ. ನೆಕ್ಸಾನ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಎಣಿಕೆ ಶುರುವಾಗೋದು ಮೊದಲ ನೋಂದಣಿಯಿಂದ, ನೀವು ಕೊಂಡ ದಿನದಿಂದಲ್ಲ. 2021ರ ಮಾರ್ಚಿನ ಕಾರಿಗೆ 2029ರ ಮಾರ್ಚಿಗೆ ಮುಗೀತು. ಎರಡನೇ ಮಾಲೀಕರಿಗೆ ಕೆಲವು ಕಂಪನಿಗಳ ನಿಯಮ ಬೇರೆ ಇರುತ್ತೆ. ನಂಬರ್ ಪ್ಲೇಟ್ ಹಸಿರು, ಅಕ್ಷರ ಹಳದಿ ಇದ್ದರೆ ಅದು ಟ್ಯಾಕ್ಸಿಯಾಗಿ ಓಡಿದ್ದು, ಸ್ವಂತದ್ದಕ್ಕೆ ಬಿಳಿ ಅಕ್ಷರ. ಪ್ಲೇಟ್ ಬದಲಾಗಿದ್ದರೂ ಹಳೇ ದಾಖಲೆ ಕೇಳಿ. ದಿನವೂ ಫಾಸ್ಟ್ ಚಾರ್ಜ್ ಕುಡಿದ ಬ್ಯಾಟರಿ ಬೇಗ ದಣಿಯುತ್ತೆ.

ಮಳೆನೀರಲ್ಲಿ ನಿಂತ ಕಾರುಗಳೂ ತೊಳೆದು ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮಣ್ಣಿನ ಕಲೆ ಇದೆಯಾ ನೋಡಿ, ಕಾರ್ಪೆಟ್ ಎತ್ತಿ ಮೂಸಿ. ಕಾರನ್ನು ಲಿಫ್ಟಿಗೆ ಏರಿಸಿ ಬ್ಯಾಟರಿ ಪೆಟ್ಟಿಗೆಯ ಅಡಿಯನ್ನೂ ನೋಡಿಸಿ. ನಮ್ಮ ಹಂಪುಗಳು ಅಲ್ಲಿ ಗುರುತು ಬಿಟ್ಟಿರುತ್ತವೆ. ಇನ್ಶೂರೆನ್ಸ್ ಮಾಡಿಸುವಾಗ ಬ್ಯಾಟರಿಗೆ ನೀರು ಹೋದರೆ ಹಣ ಬರುತ್ತಾ ಅಂತ ಕೇಳಿ, ಅದಕ್ಕೆ ಹೆಚ್ಚಾಗಿ ಬೇರೆಯೇ ಕವರ್ ಸೇರಿಸಬೇಕಾಗುತ್ತೆ.

ಎಲ್ಲ ಸರಿ ಅನಿಸಿ ಕೊಂಡಿರಾ? ಆರ್‌ಸಿ ನಿಮ್ಮ ಹೆಸರಿಗಾಗುವುದನ್ನು ಕಾಯುತ್ತಾ ಕೂರಬೇಡಿ, ದುಡ್ಡು ಕೊಡುವ ದಿನವೇ ಮಾರುವವರ ಮೊಬೈಲಿನ ಆಪ್‌ನಿಂದ ಕಾರನ್ನು ನಿಮ್ಮೆದುರಿಗೇ ತೆಗೆಸಿ. ಇಲ್ಲದಿದ್ದರೆ ನಿಮ್ಮ ಮಗಳು ಕಾರು ತಗೊಂಡು ಎಲ್ಲಿಗೆ ಹೋದಳು, ಎಷ್ಟು ಹೊತ್ತಿಗೆ ಬಂದಳು ಅನ್ನೋದು ಅವರ ಫೋನಲ್ಲಿ ಕಾಣುತ್ತಿರುತ್ತೆ.